ದೂರು ಸಮಿತಿ ಇದೆ, ತನಿಖೆಯನ್ನು ಕಾಯುವವರು ಯಾರು?

ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಮತ್ತು ಸಿಂಡಿಕೇಟ್ (ಆಡಳಿತ ಮಂಡಳಿ) ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ವರ್ಷ ಮುಗಿದ ಮೇಲೆ ನಿಮ್ಮ ಕಚೇರಿಗಳಲ್ಲಿ ಒಂದು ನಮೂನೆ ಭರ್ತಿಯಾಗುತ್ತದೆ. ಲೈಂಗಿಕ ಕಿರುಕುಳದ ದೂರುಗಳು ಎಷ್ಟು ಬಂದವು, ಎಷ್ಟು ವಿಲೇವಾರಿಯಾದವು, ತೊಂಬತ್ತು ದಿನ ಮೀರಿ ಬಾಕಿ ಉಳಿದವು ಎಷ್ಟು, ಕಾರ್ಯಾಗಾರಗಳು ಎಷ್ಟು ನಡೆದವು ಎಂಬುದು ಅದರ ಕಾಲಂಗಳು. ನಾನು ಕಂಡ ನಮೂನೆಗಳಲ್ಲಿ ಕಾರ್ಯಾಗಾರದ ಕಾಲಂ ಒಂದನ್ನು ಬಿಟ್ಟು ಉಳಿದ ಕಡೆಯೆಲ್ಲ ‘ಶೂನ್ಯ’ ಎಂದು ಬರೆದಿರುತ್ತಿತ್ತು. ಆ ಶೂನ್ಯವನ್ನು ಸಾಧನೆಯೆಂಬಂತೆ, ಸಂಸ್ಥೆಗಳ ಗುಣಮಟ್ಟ ಅಳೆದು ದರ್ಜೆ ಕೊಡುವ ನ್ಯಾಕ್ ತಂಡದ ಮುಂದೆ ಇಟ್ಟದ್ದನ್ನೂ ಕಂಡಿದ್ದೇನೆ. ಸಾವಿರಾರು ವಿದ್ಯಾರ್ಥಿಗಳು, ನೂರಾರು ನೌಕರರು, ನಾಲ್ಕಾರು ಹಾಸ್ಟೆಲ್‌ಗಳು ಇರುವ ಆವರಣದಿಂದ ವರ್ಷಕ್ಕೆ ಒಂದು ದೂರೂ ಬರುವುದಿಲ್ಲವೆಂದರೆ, ಹೇಳಿಕೊಂಡರೆ ಪ್ರಯೋಜನವಾದೀತು ಎಂಬ ನಂಬಿಕೆ ಅಲ್ಲಿ ಯಾರಿಗೂ ಉಳಿದಿಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ.

ನಾನು ಈ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಅಲ್ಲಿ ಒಂದು ಅವಧಿಗೆ ಆಂತರಿಕ ದೂರು ಸಮಿತಿಯ ಅಧ್ಯಕ್ಷೆಯಾಗಿದ್ದೆ. ಈಗ ಬೇರೆ ಸಂಸ್ಥೆಗಳ ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಕೂರುತ್ತೇನೆ. ಯಾವ ಸಂಸ್ಥೆಗಳು ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ದೂರು ಕೊಟ್ಟವರ ಗುರುತು ಹತ್ತಿಬಿಡುತ್ತದೆ. ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ತಾರತಮ್ಯ ಮತ್ತು ಕಿರುಕುಳದ ತನಿಖೆಗಳನ್ನು ದೂರು ಬಂದ ದಿನದಿಂದ ಕೊನೆಯ ಆದೇಶ ಜಾರಿಯಾಗುವವರೆಗೆ ನೋಡಿಕೊಳ್ಳಲು ತರಬೇತಿ ಪಡೆದ, ಪೂರ್ಣಾವಧಿಯ ಮೇಲ್ವಿಚಾರಕರೊಬ್ಬರನ್ನು ನೇಮಿಸಿ.

ಸಮಿತಿ ಇದೆಯಲ್ಲ ಎನ್ನುತ್ತೀರಿ. ಇದೆ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪಿನಿಂದ ಹಿಡಿದು ಅದನ್ನು ತಡೆಯುವ 2013ರ ಕಾಯ್ದೆ ಮತ್ತು ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿಯೇ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತಂದ 2015ರ ನಿಯಮಾವಳಿಯವರೆಗೆ ಕಾನೂನು ಸಾಕಷ್ಟು ವಿವರವಾಗಿ ಬೆಳೆದಿದೆ. ಹಿರಿಯ ಮಹಿಳೆಯೊಬ್ಬರು ಅಧ್ಯಕ್ಷರಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನವರೊಬ್ಬರು ಇರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರು ಇರಕೂಡದು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣವಾದರೆ, ಪಾರದರ್ಶಕವಾಗಿ, ಪ್ರಜಾಸತ್ತಾತ್ಮಕವಾಗಿ ಚುನಾಯಿತರಾದ ಮೂವರು ವಿದ್ಯಾರ್ಥಿ ಪ್ರತಿನಿಧಿಗಳೂ ಬೇಕು. 1989ರಿಂದ ಕ್ಯಾಂಪಸ್ ಚುನಾವಣೆಗಳನ್ನೇ ನಿಷೇಧಿಸಿರುವ ರಾಜ್ಯ ನಮ್ಮದು. ಹಾಗಾಗಿ ‘ಚುನಾಯಿತ’ ಎಂಬ ಜಾಗದಲ್ಲಿ ವಿಭಾಗದ ಮುಖ್ಯಸ್ಥರು ಬರೆದುಕೊಟ್ಟ ಹೆಸರುಗಳು ಕೂರುತ್ತವೆ. ಇರಲಿ, ಅದು ಬೇರೆಯದೇ ಜಗಳ.

ಸಮಿತಿ ತೀರ್ಮಾನ ಹೇಳುವ ಜಾಗ. ಆ ತೀರ್ಮಾನಕ್ಕೆ ಬೇಕಾದ ದುಡಿಮೆಯನ್ನೆಲ್ಲ ಮಾಡುವವರು ಯಾರು? ಅಧ್ಯಕ್ಷೆಗೆ ವಾರಕ್ಕೆ ಹದಿನಾಲ್ಕು ಗಂಟೆಯ ಪಾಠ, ಮೌಲ್ಯಮಾಪನ, ತನ್ನದೇ ಸಂಶೋಧನಾರ್ಥಿಗಳು. ಸದಸ್ಯ ಕಾರ್ಯದರ್ಶಿ ಸಹಾಯಕ ಕುಲಸಚಿವರ ದರ್ಜೆಯವರು. ಘಟಿಕೋತ್ಸವ ಬಂತೆಂದರೆ ಎರಡು ತಿಂಗಳು ಕೈಗೆ ಸಿಗುವುದಿಲ್ಲ. ಹೊರಗಿನ ಸದಸ್ಯೆಗೆ 2013ರ ನಿಯಮಗಳು ಗೊತ್ತುಪಡಿಸಿದ ಭತ್ಯೆ ದಿನಕ್ಕೆ ಇನ್ನೂರು ರೂಪಾಯಿ, ಜೊತೆಗೆ ಪ್ರಯಾಣದ ಖರ್ಚು. ಒಬ್ಬ ಮನುಷ್ಯನ ನೌಕರಿ, ಒಬ್ಬ ಹುಡುಗಿಯ ಓದು ಎರಡನ್ನೂ ತೂಗಬೇಕಾದ ಕೆಲಸವನ್ನು ನಾವು ಬಿಡುವಿನ ವೇಳೆಗೆ ಬಿಟ್ಟಿದ್ದೇವೆ.

ದೂರು ಹೇಗೆ ಒಳಗೆ ಬರುತ್ತದೆ ಎಂಬುದರಿಂದಲೇ ಶುರು ಮಾಡುತ್ತೇನೆ. ಎರಡನೆಯ ವರ್ಷದ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಕೈಬರಹದಲ್ಲಿ ಮೂರು ಪುಟ ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ಆಡಳಿತ ಕಚೇರಿಯ ಆವಕ ವಿಭಾಗಕ್ಕೆ ಕೊಟ್ಟಳು. ಅಲ್ಲಿನ ಗುಮಾಸ್ತರು ಎಲ್ಲ ಟಪಾಲಿನಂತೆ ಅದನ್ನೂ ಕತ್ತರಿಸಿದರು. ಮೊದಲ ಪುಟದ ಮೇಲೆ ದಿನಾಂಕದ ಮೊಹರು ಒತ್ತಿದರು. ಆವಕ ವಹಿಯಲ್ಲಿ ‘ವಿಷಯ’ ಎಂಬ ಕಾಲಂ ಇರುತ್ತದಲ್ಲ, ಅಲ್ಲಿ ಅವಳ ಹೆಸರು, ವಿಭಾಗ, ಅಧ್ಯಾಪಕರ ಹೆಸರು, ‘ಲೈಂಗಿಕ ಕಿರುಕುಳ ಕುರಿತು’ ಎಂದು ದುಂಡಗೆ ಬರೆದರು. ಆ ವಹಿ ಕೌಂಟರಿನ ಮೇಲೆ ತೆರೆದೇ ಇರುತ್ತದೆ. ಅಂಕಪಟ್ಟಿ ಕೇಳಲು ಬಂದವರು ತಮ್ಮ ಅರ್ಜಿಯ ಸಂಖ್ಯೆ ಹುಡುಕಲು ಅದರ ಮೇಲೆ ಬೆರಳಾಡಿಸುತ್ತಾರೆ. ದೂರು ನನ್ನ ಮೇಜಿಗೆ ಬಂದದ್ದು ಕುಲಸಚಿವರು ‘ಪರಿಶೀಲಿಸಿ ಮಂಡಿಸಿ’ ಎಂದು ಬರೆದು, ವಿಷಯ ನಿರ್ವಾಹಕರು, ಅಧೀಕ್ಷಕರು ಇಬ್ಬರೂ ಸಹಿ ಮಾಡಿದ ಮೇಲೆ. ಅಷ್ಟರಲ್ಲಿ ಕ್ಯಾಂಟೀನಿನಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಕಾಯ್ದೆಯ 16ನೆಯ ಕಲಂ ದೂರುದಾರರ ಗುರುತನ್ನೂ ದೂರಿನ ವಿವರವನ್ನೂ ಬಹಿರಂಗಪಡಿಸಬಾರದು ಎನ್ನುತ್ತದೆ. ಗುಮಾಸ್ತರದು ತಪ್ಪು ಎಂದು ನಾನು ಹೇಳಲಾರೆ. ಮೂವತ್ತು ವರ್ಷ ಹಾಗೆಯೇ ಮಾಡಿದವರಿಗೆ ಬೇರೆ ರೀತಿ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ.

ಮೇಲ್ವಿಚಾರಕರಿದ್ದರೆ ದೂರು ನೇರ ಅವರ ಕೈಗೆ ಬರುತ್ತದೆ. ಬಂದ ದಿನವೇ ಮಾಡಬೇಕಾದ ಕೆಲಸಗಳಿರುತ್ತವೆ. ಸಿಸಿಟಿವಿ ದೃಶ್ಯಗಳು ಕೆಲವೇ ವಾರಗಳಲ್ಲಿ ತಾವಾಗಿ ಅಳಿಸಿಹೋಗುತ್ತವೆ. ಸಮಿತಿಯ ಮೊದಲ ಸಭೆಗೆ ಕೋರಂ ಕೂಡುವ ಹೊತ್ತಿಗೆ ಕಾರಿಡಾರಿನ ಕ್ಯಾಮೆರಾದಲ್ಲಿ ಏನೂ ಉಳಿದಿರುವುದಿಲ್ಲ. ಹಾಸ್ಟೆಲ್ ಗೇಟಿನ ವಹಿ, ಪ್ರಯೋಗಾಲಯದ ಹಾಜರಿ, ಮೊಬೈಲ್ ಸಂದೇಶಗಳ ಪ್ರತಿ ಇವನ್ನೆಲ್ಲ ಅಂದೇ ಭದ್ರಪಡಿಸಬೇಕು. ಸಮಿತಿಯಲ್ಲಿ ಯಾರಿಗಾದರೂ ಆರೋಪಕ್ಕೊಳಗಾದವರ ಜೊತೆ ನಂಟಿದೆಯೇ, ಒಂದೇ ಪ್ರಾಜೆಕ್ಟಿನಲ್ಲಿದ್ದಾರೆಯೇ ಎಂದು ಕೇಳಿ, ಇದ್ದರೆ ಅವರನ್ನು ಆ ಪ್ರಕರಣದಿಂದ ಹೊರಗಿಡಬೇಕು. ದೂರುದಾರೆಯ ಸಂಶೋಧನೆಯನ್ನೋ ಉತ್ತರ ಪತ್ರಿಕೆಯನ್ನೋ ಆರೋಪಕ್ಕೊಳಗಾದವರೇ ಮೌಲ್ಯಮಾಪನ ಮಾಡದಂತೆ ತಡೆಯಬಹುದು ಎಂದು ಯುಜಿಸಿ ನಿಯಮಾವಳಿ ಹೇಳುತ್ತದೆ. ಆ ಮಧ್ಯಂತರ ಆದೇಶವನ್ನು ಬರೆಸಿ, ಜಾರಿಯಾಯಿತೇ ಎಂದು ನೋಡಬೇಕು. ಜಾರಿಯಾಗದ ಆದೇಶಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಇನ್ನು ವಿಚಾರಣೆ. ಗೋವಾ ವಿಶ್ವವಿದ್ಯಾಲಯದ ಪ್ರಕರಣ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. 2009ರಲ್ಲಿ ವಿಭಾಗದ ಮುಖ್ಯಸ್ಥರೊಬ್ಬರ ಮೇಲೆ ವಿದ್ಯಾರ್ಥಿನಿಯರು ದೂರು ಕೊಟ್ಟರು. ಸಮಿತಿ 39 ದಿನಗಳಲ್ಲಿ 18 ಸಭೆ ನಡೆಸಿ, ಒಂದರ ಬೆನ್ನಿಗೆ ಒಂದು ಹಾಕಿ, ವಿಚಾರಣೆ ಮುಗಿಸಿ ವರದಿ ಕೊಟ್ಟಿತು. 2010ರಲ್ಲಿ ಅವರು ಕೆಲಸ ಕಳೆದುಕೊಂಡರು. 2023ರ ಮೇ 12ರಂದು ಸುಪ್ರೀಂ ಕೋರ್ಟ್ ಆ ಕ್ರಮವನ್ನು ರದ್ದುಪಡಿಸಿ, ವಿಚಾರಣೆಯನ್ನು ನಡುವಿನ ಹಂತದಿಂದ ಮತ್ತೆ ನಡೆಸಿ ಎಂದು ಸಮಿತಿಗೇ ವಾಪಸ್ ಕಳಿಸಿತು. ಆರೋಪ ಸುಳ್ಳು ಎಂದು ನ್ಯಾಯಾಲಯ ಹೇಳಲಿಲ್ಲ. ಆರೋಪಕ್ಕೊಳಗಾದವರಿಗೆ ತಮ್ಮನ್ನು ಸಮರ್ಥಿಸಿಕೊಳ್ಳಲು ಸರಿಯಾದ ಅವಕಾಶ ಸಿಗಲಿಲ್ಲ, ಸಂತ್ರಸ್ತರಿಗೆ ನ್ಯಾಯ ಒದಗಿಸುವ ಸಮಿತಿಯ ಅವಸರವೇ ಆ ಸಂತ್ರಸ್ತರಿಗೆ ಹೆಚ್ಚಿನ ಕೇಡು ಮಾಡಿತು ಎಂದಿತು. 2009ರಲ್ಲಿ ಎಂ.ಎ. ಓದುತ್ತಿದ್ದವರಿಗೆ 2023ರಲ್ಲಿ ಮತ್ತೆ ಬಂದು ಹೇಳಿಕೆ ಕೊಡಿ ಎಂದರೆ ಹೇಗಾಗಬೇಡ? ಅಂದು ಆ ಸಮಿತಿಯ ಪಕ್ಕದಲ್ಲಿ ಕುಳಿತು ‘ಇವರಿಗೆ ದಾಖಲೆಗಳ ಪ್ರತಿ ಕೊಟ್ಟಿರಾ? ಪಾಟಿ ಸವಾಲಿಗೆ ದಿನ ಗೊತ್ತುಪಡಿಸಿದಿರಾ? ವೈದ್ಯಕೀಯ ಕಾರಣಕ್ಕೆ ಸಮಯ ಕೇಳಿದ್ದಾರೆ, ಅದಕ್ಕೆ ಏನು ಉತ್ತರ?’ ಎಂದು ಕೇಳುವವರೊಬ್ಬರು ಇದ್ದಿದ್ದರೆ ಎಂದು ಆ ತೀರ್ಪು ಓದಿದಾಗಲೆಲ್ಲ ನನಗನ್ನಿಸುತ್ತದೆ.

ಅವಸರದ ಕೇಡು ಇದಾದರೆ, ಮೌನದ ಕೇಡು ಇನ್ನೊಂದು. 2025ರ ಜುಲೈನಲ್ಲಿ ಒಡಿಶಾದ ಬಾಲಸೋರ್‌ನಲ್ಲಿ ವಿದ್ಯಾರ್ಥಿನಿಯೊಬ್ಬಳು ವಿಭಾಗದ ಮುಖ್ಯಸ್ಥನ ವಿರುದ್ಧ ದೂರು ಕೊಟ್ಟಿದ್ದಳು. ಆಂತರಿಕ ಸಮಿತಿ ಇತ್ತು, ವಿಚಾರಣೆಯೂ ನಡೆದಿತ್ತು. ಆದರೂ ಅವಳು ಪ್ರಾಣ ಕಳೆದುಕೊಳ್ಳುವ ಸ್ಥಿತಿಗೆ ಬಂದಳು. ಆ ಪ್ರಕರಣದ ಒಳಹೊರಗನ್ನು ನ್ಯಾಯಾಲಯ ನೋಡಲಿ. ನಮ್ಮ ಕ್ಯಾಂಪಸ್‌ಗಳ ಬಗ್ಗೆ ನಾನು ಖಚಿತವಾಗಿ ಹೇಳಬಲ್ಲೆ: ದೂರು ಕೊಟ್ಟ ಮೇಲೆ ವಾರಗಟ್ಟಲೆ ದೂರುದಾರರಿಗೆ ಒಂದು ಮಾತೂ ತಲುಪುವುದಿಲ್ಲ. ಸಮಿತಿ ಕೂಡಿತೇ, ಯಾರನ್ನು ಕರೆದರು, ಮುಂದಿನ ದಿನಾಂಕ ಯಾವುದು, ಏನೂ ಗೊತ್ತಿರುವುದಿಲ್ಲ. ಆರೋಪಕ್ಕೊಳಗಾದವರ ಪಾಡೂ ಬೇರೆಯಲ್ಲ. ಇವರಿಬ್ಬರಿಗೂ ವಾರಕ್ಕೊಮ್ಮೆ ಫೋನು ಮಾಡಿ ‘ಪ್ರಕರಣ ಈ ಹಂತದಲ್ಲಿದೆ’ ಎಂದು ಹೇಳಲು ಕಾನೂನಿನ ತಿದ್ದುಪಡಿ ಬೇಕಿಲ್ಲ.

ಹೇಳಿಕೆ ದಾಖಲಿಸುವ ವಿಚಾರವನ್ನು ನೀವು ಸಣ್ಣದೆಂದುಕೊಳ್ಳಬಹುದು. ವರದಿಗಳು ಬಿದ್ದುಹೋಗುವುದು ಇಲ್ಲೇ. ಹುಡುಗಿ ಹೇಳುತ್ತಾಳೆ: ಸಂಜೆ ಐದೂವರೆಗೆ ಪ್ರಗತಿ ವರದಿಗೆ ಸಹಿ ಹಾಕಿಸಿಕೊಳ್ಳಲು ಹೋದೆ, ಸರ್ ಬಾಗಿಲು ಹಾಕು ಎಂದರು, ನಾನು ಫ್ಯಾನ್ ಗಾಳಿಗೆ ಕಾಗದ ಹಾರುತ್ತದೆ ಎಂದುಕೊಂಡು ಹಾಕಿದೆ, ಆಮೇಲೆ ಅವರು ಕುರ್ಚಿಯನ್ನು ಮೇಜಿನ ಈ ಕಡೆಗೆ ತಂದರು. ಬೆರಳಚ್ಚುಗಾರರು ಟೈಪು ಮಾಡುತ್ತಾರೆ: ‘ಪ್ರತಿವಾದಿಯು ಕೊಠಡಿಯಲ್ಲಿ ಅನುಚಿತವಾಗಿ ವರ್ತಿಸಿದರೆಂದು ದೂರುದಾರರು ತಿಳಿಸಿದರು.’ ಕುರ್ಚಿ ಹೋಯಿತು, ಬಾಗಿಲು ಹೋಯಿತು, ಐದೂವರೆ ಗಂಟೆ ಹೋಯಿತು. ಮುಂದೆ ಸಿಂಡಿಕೇಟ್ ಕೈಗೋ ಹೈಕೋರ್ಟ್ ಕೈಗೋ ಈ ಒಂದು ವಾಕ್ಯ ಸಿಗುತ್ತದೆ, ‘ಆರೋಪ ಅಸ್ಪಷ್ಟ’ ಎನ್ನುತ್ತಾರೆ. ಸಾಕ್ಷ್ಯವನ್ನು ಪ್ರಶ್ನೋತ್ತರ ರೂಪದಲ್ಲಿ, ಹೇಳಿದವರ ಮಾತಿನಲ್ಲೇ ಬರೆದು, ಓದಿ ಹೇಳಿ, ಪುಟಪುಟಕ್ಕೂ ಸಹಿ ಪಡೆಯಬೇಕು. ಇದನ್ನು ಕಲಿಸಬೇಕು, ಆಮೇಲೆ ಒಬ್ಬರು ಕುಳಿತು ನೋಡಬೇಕು.

ವರದಿ ಬರೆಯುವಾಗ ಇನ್ನೊಂದು ಚಾಳಿ ಇದೆ. ‘ಆರೋಪ ಸಾಬೀತಾಗಿಲ್ಲ. ಆದಾಗ್ಯೂ ಅಧ್ಯಾಪಕರಿಗೆ ಮುಂದೆ ಎಚ್ಚರಿಕೆಯಿಂದಿರಲು ಸೂಚಿಸಬಹುದು.’ ಎಲ್ಲರನ್ನೂ ಸಮಾಧಾನಪಡಿಸುವ ಈ ವಾಕ್ಯವನ್ನು ನಾನು ಎಷ್ಟು ವರದಿಗಳಲ್ಲಿ ಓದಿದ್ದೇನೋ! ಕಾಯ್ದೆಯಲ್ಲಿ ಅದಕ್ಕೆ ಜಾಗವಿಲ್ಲ. ಸಾಬೀತಾಗದಿದ್ದರೆ ಕ್ರಮ ಬೇಡ ಎಂದು ಶಿಫಾರಸು ಮಾಡಬೇಕು. ಸಾಬೀತಾದರೆ ದಂಡನೆ ಹೇಳಬೇಕು. ಇದು ಕ್ರಿಮಿನಲ್ ಮೊಕದ್ದಮೆಯಲ್ಲ ಎಂಬುದೂ ಅನೇಕ ಸದಸ್ಯರಿಗೆ ಗೊತ್ತಿರುವುದಿಲ್ಲ. ಸಂದೇಹಕ್ಕೆ ಎಡೆಯಿಲ್ಲದಂತೆ ರುಜುವಾತಾಗಬೇಕು, ಕಣ್ಣಾರೆ ಕಂಡ ಸಾಕ್ಷಿ ಬೇಕು ಎಂದು ಕೂರುತ್ತಾರೆ. ಮುಚ್ಚಿದ ಕೊಠಡಿಯಲ್ಲಿ ಕಣ್ಣಾರೆ ಕಂಡವರು ಯಾರಿರುತ್ತಾರೆ? ಎರಡೂ ಕಡೆಯ ಸಂಗತಿಗಳನ್ನು ತೂಗಿ, ಯಾವುದು ನಡೆದಿರುವ ಸಂಭವ ಹೆಚ್ಚು ಎಂದು ನೋಡಿದರೆ ಸಾಕು. ಹಾಗೆಯೇ, ಸಾಬೀತುಪಡಿಸಲಾಗಲಿಲ್ಲ ಎಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ ಎಂದು 14ನೆಯ ಕಲಂ ಬಿಡಿಸಿಯೇ ಹೇಳಿದೆ. ನೋಟಿಸ್ ಬೋರ್ಡಿನಲ್ಲಿ ಮಾತ್ರ ‘ಸುಳ್ಳು ದೂರಿಗೆ ಕಠಿಣ ಕ್ರಮ’ ಎಂಬುದು ದಪ್ಪಕ್ಷರದಲ್ಲಿರುತ್ತದೆ, ಸಮಿತಿಯ ಫೋನ್ ಸಂಖ್ಯೆ ಸಣ್ಣಕ್ಷರದಲ್ಲಿ.

ಇಷ್ಟೂ ಲೈಂಗಿಕ ಕಿರುಕುಳದ ಮಾತಾಯಿತು. ಜಾತಿ ತಾರತಮ್ಯದ ದೂರುಗಳಿಗೆ ಈ ಮಟ್ಟದ ಚೌಕಟ್ಟೂ ಇಲ್ಲ. ಸಂಶೋಧನಾರ್ಥಿ ರೋಹಿತ್ ವೇಮುಲ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ತೀರಿಕೊಂಡದ್ದು 2016ರ ಜನವರಿಯಲ್ಲಿ, ಮುಂಬೈಯಲ್ಲಿ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿನಿ ಡಾ. ಪಾಯಲ್ ತಡ್ವಿ ತೀರಿಕೊಂಡದ್ದು 2019ರ ಮೇ ತಿಂಗಳಲ್ಲಿ. ಅವರಿಬ್ಬರ ತಾಯಂದಿರೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಬೇಕಾಯಿತು. ಹಾಗಂತ ಅದುವರೆಗೆ ನಿಯಮವೇ ಇರಲಿಲ್ಲವೆಂದಲ್ಲ. 2012ರಷ್ಟು ಹಿಂದೆಯೇ ಯುಜಿಸಿ ಸಮಾನತೆಯ ನಿಯಮಾವಳಿ ತಂದಿತ್ತು. ಪ್ರತಿ ಸಂಸ್ಥೆಯಲ್ಲಿ ಸಮಾನ ಅವಕಾಶ ಕೋಶ, ಒಬ್ಬ ತಾರತಮ್ಯ ತಡೆ ಅಧಿಕಾರಿ, ದೂರಿಗೆ ಅರವತ್ತು ದಿನಗಳಲ್ಲಿ ತೀರ್ಮಾನ ಎಂದೆಲ್ಲ ಅದರಲ್ಲಿತ್ತು. ಆ ಅಧಿಕಾರಿ ಯಾರು ಎಂದು ನಿಮ್ಮ ವಿಶ್ವವಿದ್ಯಾಲಯದ ಹತ್ತು ಮಂದಿ ಸಂಶೋಧನಾರ್ಥಿಗಳನ್ನು ಕೇಳಿ ನೋಡಿ. 2026ರ ಜನವರಿಯಲ್ಲಿ ಯುಜಿಸಿ ಹೊಸ ನಿಯಮಾವಳಿ ಹೊರಡಿಸಿತು, ದೇಶದಲ್ಲೆಲ್ಲ ಗದ್ದಲವಾಯಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ನೀಡಿ ಸದ್ಯಕ್ಕೆ ಹಳೆಯದೇ ಇರಲಿ ಎಂದಿತು. ನಮ್ಮ ರಾಜ್ಯದಲ್ಲಿ ರೋಹಿತ್ ವೇಮುಲ ಹೆಸರಿನ ಮಸೂದೆಯ ಮಾತೂ 2025ರಿಂದ ನಡೆದಿದೆ. ಕಾನೂನು ಯಾವ ರೂಪದಲ್ಲೇ ಬರಲಿ, ತನಿಖೆ ಮಾಡಲು ಗೊತ್ತಿರುವವರು ಬೇಕೇ ಬೇಕು.

ಏಕೆಂದರೆ ತಾರತಮ್ಯದ ತನಿಖೆ ಇನ್ನೊಂದೇ ಬಗೆಯ ಕೆಲಸ. ಕಿರುಕುಳದ ದೂರಿಗೆ ಸಾಮಾನ್ಯವಾಗಿ ಒಂದು ದಿನ, ಒಂದು ಜಾಗ ಇರುತ್ತದೆ. ತಾರತಮ್ಯಕ್ಕೆ ಹಾಗೆ ಬೊಟ್ಟು ಮಾಡಿ ತೋರಿಸುವ ಗಳಿಗೆ ಇರುವುದು ಅಪರೂಪ. ದಲಿತ ಸಂಶೋಧನಾರ್ಥಿಯೊಬ್ಬರು ಬರೆಯುತ್ತಾರೆ: ನನ್ನ ಆರು ತಿಂಗಳ ಪ್ರಗತಿ ವರದಿಗೆ ಸಹಿ ಸಿಗುವುದಿಲ್ಲ, ಅದಕ್ಕೆ ಫೆಲೋಶಿಪ್ ನಿಂತಿದೆ, ಮಾರ್ಗದರ್ಶಕರು ಬೈದಿಲ್ಲ, ಜಾತಿ ಎತ್ತಿಲ್ಲ, ನಾಳೆ ಬಾ ಎನ್ನುತ್ತಾರೆ ಅಷ್ಟೆ. ಇದನ್ನು ಓದಿದ ಸಮಿತಿ ‘ಜಾತಿ ನಿಂದನೆಗೆ ಪುರಾವೆ ಇಲ್ಲ’ ಎಂದು ಮುಚ್ಚಿಬಿಡುತ್ತದೆ. ತನಿಖೆ ಗೊತ್ತಿದ್ದವರು ಮಾಡುವ ಕೆಲಸವೇ ಬೇರೆ. ಅದೇ ಮಾರ್ಗದರ್ಶಕರ ಕೈಕೆಳಗಿನ ಎಲ್ಲ ಸಂಶೋಧನಾರ್ಥಿಗಳ ವರದಿಗಳನ್ನು ತರಿಸುತ್ತಾರೆ. ಯಾರು ಯಾವತ್ತು ಸಲ್ಲಿಸಿದರು, ಯಾವತ್ತು ಸಹಿಯಾಯಿತು ಎಂದು ಒಂದು ಹಾಳೆಯಲ್ಲಿ ಬರೆಯುತ್ತಾರೆ. ಒಬ್ಬರಿಗೆ ನಾಲ್ಕು ದಿನ, ಇನ್ನೊಬ್ಬರಿಗೆ ಒಂದು ವಾರ, ಈ ಒಬ್ಬರಿಗೆ ಮಾತ್ರ ಐದು ತಿಂಗಳು ಎಂದಾದರೆ, ಯಾಕೆ ಎಂದು ಮಾರ್ಗದರ್ಶಕರನ್ನು ಕೇಳುತ್ತಾರೆ. ಸರಿಯಾದ ಕಾರಣ ಇರಲೂಬಹುದು. ಇದ್ದರೆ ಅದೂ ದಾಖಲಾಗಲಿ. ಮೌಖಿಕ ಪರೀಕ್ಷೆಯ ಅಂಕ, ಆಂತರಿಕ ಮೌಲ್ಯಮಾಪನ, ಪ್ರಯೋಗಾಲಯದ ಬೀಗದ ಕೈ ಯಾರ ಬಳಿ ಇರುತ್ತದೆ, ಹಾಸ್ಟೆಲ್ಲಿನಲ್ಲಿ ಯಾರಿಗೆ ಯಾವ ಕೊಠಡಿ ಎಂಬುದೆಲ್ಲ ಹೀಗೆಯೇ ಅಕ್ಕಪಕ್ಕ ಇಟ್ಟು ನೋಡಬೇಕಾದವು. ಈ ದಾಖಲೆಗಳು ನಿಮ್ಮ ಕಪಾಟುಗಳಲ್ಲೇ ಇವೆ. ಕೇಳಿ ತರಿಸಿಕೊಳ್ಳುವ ಅಧಿಕಾರ ದೂರು ಕೊಟ್ಟ ಹುಡುಗನಿಗಿಲ್ಲ. ವಿಷಯ ಪರಿಶಿಷ್ಟರ ಕೋಶಕ್ಕೆ ಹೋದರೆ ಅಲ್ಲಿರುವ ಒಬ್ಬ ಗುಮಾಸ್ತರಿಗೂ ಇಲ್ಲ.

ಈಗ ನಿಮಗೆ ಇಷ್ಟವಾಗದ ಮಾತು. ಮೇಲ್ವಿಚಾರಣೆ ಬೇಕು ಎಂದಾಗ ಕುಲಪತಿಗಳೇ ಮೇಲ್ವಿಚಾರಣೆ ಮಾಡಲಿ ಎಂದು ನಾನು ಹೇಳುತ್ತಿಲ್ಲ. ವಿಚಾರಣೆ ನಡೆಯುತ್ತಿರುವಾಗ ‘ಮೇಡಂ, ಮೇಲಿನವರು ಒಮ್ಮೆ ಮಾತಾಡಬೇಕಂತೆ’ ಎಂಬ ಕರೆ ನನಗೂ ಬಂದಿದೆ. ಹೋದರೆ ಕಾಫಿ ಬರುತ್ತದೆ, ಆ ಅಧ್ಯಾಪಕರು ತಂದ ಪ್ರಾಜೆಕ್ಟ್ ಹಣದ ಮಾತು ಬರುತ್ತದೆ, ಅವರ ಮಗಳ ಮದುವೆ ಗೊತ್ತಾಗಿದೆ ಎಂಬ ಮಾತು ಬರುತ್ತದೆ, ಕೊನೆಗೆ ‘ನಿಮ್ಮ ಕೆಲಸದಲ್ಲಿ ನಾನು ಕೈ ಹಾಕುವುದಿಲ್ಲ’ ಎಂದೂ ಹೇಳುತ್ತಾರೆ. ಹಾಗೆ ಕರೆದು ಕಾಫಿ ಕೊಟ್ಟದ್ದೇ ಕೈ ಹಾಕಿದ್ದು. ನಾನು ಕೇಳುತ್ತಿರುವ ಅಧಿಕಾರಿಗೆ ತೀರ್ಪಿನ ಮೇಲೆ ಅಧಿಕಾರ ಇರಕೂಡದು. ಅವರು ಕರಡು ವರದಿಯನ್ನು ಓದಿ ‘ನಾಲ್ಕನೆಯ ಸಾಕ್ಷಿಯ ಮಾತನ್ನು ನಂಬಲಿಲ್ಲ ಎಂದಿದ್ದೀರಿ, ಕಾರಣ ಬರೆದಿಲ್ಲ’ ಎನ್ನಬಹುದು, ‘ನಂಬಿ’ ಎನ್ನುವಂತಿಲ್ಲ. ಕುಲಸಚಿವರ ಅಧೀನದಲ್ಲಿ ಅವರಿರಬಾರದು; ಅವರ ವರ್ಗಾವಣೆ, ವೇತನ, ಸೇವಾ ವರದಿ ಯಾವುದೂ ಆರೋಪಕ್ಕೊಳಗಾಗಬಹುದಾದವರ ಕೈಯಲ್ಲಿ ಇರಬಾರದು. ಮೂರು ತಿಂಗಳಿಗೊಮ್ಮೆ ನೇರ ಸಿಂಡಿಕೇಟ್‌ಗೆ, ಹೆಸರುಗಳಿಲ್ಲದೆ, ಯಾವ ಪ್ರಕರಣ ಎಲ್ಲಿ ನಿಂತಿದೆ, ಯಾರಿಂದ ನಿಂತಿದೆ ಎಂದು ಲೆಕ್ಕ ಒಪ್ಪಿಸಲಿ.

‘ಯಾರಿಂದ ನಿಂತಿದೆ’ ಎಂಬುದನ್ನು ಬೇಕೆಂದೇ ಸೇರಿಸಿದೆ. ವಿಚಾರಣೆಗೆ ತೊಂಬತ್ತು ದಿನ, ವರದಿ ಕೊಡಲು ಹತ್ತು ದಿನ, ವರದಿ ಕೈಸೇರಿದ ಮೇಲೆ ಕ್ರಮಕ್ಕೆ ಯುಜಿಸಿ ನಿಯಮದಂತೆ ಮೂವತ್ತು ದಿನ. ನಮ್ಮ ಸಮಿತಿ ಅವಧಿಯೊಳಗೆ ಕೊಟ್ಟ ವರದಿಯೊಂದು ‘ಕಾನೂನು ಅಭಿಪ್ರಾಯಕ್ಕಾಗಿ’ ಹೋಗಿ, ವಾಪಸ್ ಬಂದು, ‘ಮುಂದಿನ ಸಭೆಯಲ್ಲಿ ಮಂಡಿಸುವುದು’ ಎಂದಾಗಿ, ಕುಲಪತಿಗಳ ಅವಧಿ ಮುಗಿದು, ಪ್ರಭಾರಿಗಳು ‘ಇದು ನೀತಿ ನಿರ್ಧಾರ, ಹೊಸಬರು ಬರಲಿ’ ಎಂದು ಬರೆದು, ಅಷ್ಟರಲ್ಲಿ ವಿದ್ಯಾರ್ಥಿನಿ ಪದವಿ ಮುಗಿಸಿ ಊರಿಗೆ ಹೋದಳು. ಕಡತ ಯಾರ ಮೇಜಿನಲ್ಲಿ ಎಷ್ಟು ದಿನ ಕೂತಿತ್ತು ಎಂಬುದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಆದೇಶವಾದ ಮೇಲೂ ಕೆಲಸವಿದೆ. ಮಾರ್ಗದರ್ಶಕರನ್ನು ಬದಲಿಸಿಕೊಂಡ ಹುಡುಗಿಯನ್ನು ವಿಭಾಗದಲ್ಲಿ ಯಾರೂ ಸೇರಿಸಿಕೊಳ್ಳುವುದಿಲ್ಲ. ಸಾಕ್ಷಿ ಹೇಳಿದ ಅತಿಥಿ ಉಪನ್ಯಾಸಕಿಗೆ ಮುಂದಿನ ಸೆಮಿಸ್ಟರಿನಲ್ಲಿ ಕಾರ್ಯಭಾರ ‘ಉಳಿಯುವುದಿಲ್ಲ’. ಇಂಥದ್ದನ್ನು ಕನಿಷ್ಠ ಒಂದು ವರ್ಷ ಗಮನಿಸುತ್ತಿರಬೇಕು.

ಹಣದ ಪ್ರಶ್ನೆ ಎತ್ತುತ್ತೀರಿ, ಸಹಜ. ಬೋಧಕ ಹುದ್ದೆಗಳೇ ಖಾಲಿ ಬಿದ್ದಿರುವಾಗ ಹೊಸ ಹುದ್ದೆಗೆ ಆರ್ಥಿಕ ಇಲಾಖೆ ಒಪ್ಪೀತೇ? ಬೀದರ್, ಕೊಪ್ಪಳ, ಕೊಡಗು, ಚಾಮರಾಜನಗರದಂಥ ಹೊಸ ವಿಶ್ವವಿದ್ಯಾಲಯಗಳ ಸ್ಥಿತಿ ನನಗೆ ತಿಳಿಯದ್ದೇನಲ್ಲ. ಚಿಕ್ಕ ವಿಶ್ವವಿದ್ಯಾಲಯಗಳು ಮೂರು ನಾಲ್ಕು ಸೇರಿ ಒಬ್ಬರನ್ನು ಹಂಚಿಕೊಳ್ಳಬಹುದು. ಹಾಗೆ ಮಾಡಿದರೆ ಅವರು ಯಾವ ಒಬ್ಬ ಕುಲಪತಿಯ ಹಂಗಿನಲ್ಲೂ ಇರುವುದಿಲ್ಲ, ಅದು ಇನ್ನೂ ಒಳ್ಳೆಯದು. ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ತರಬೇತಿಯ ಹೊಣೆ ಹೊರಬಹುದು. ಅಮೆರಿಕದಲ್ಲಿ ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ 1972ರ ಟೈಟಲ್ ನೈನ್ ಕಾನೂನಿನಡಿ, ಸರ್ಕಾರದ ಹಣ ಪಡೆಯುವ ಪ್ರತಿ ಶಿಕ್ಷಣ ಸಂಸ್ಥೆಯೂ ಕನಿಷ್ಠ ಒಬ್ಬ ಸಂಯೋಜಕರನ್ನು ಹೆಸರಿಸಲೇಬೇಕು. ಅಲ್ಲಿಯೂ ಎಲ್ಲವೂ ಸರಿಯಿದೆ ಎಂದಲ್ಲ; ಯಾರನ್ನು ಕೇಳಬೇಕು ಎಂಬುದಾದರೂ ಗೊತ್ತಿರುತ್ತದೆ.

ಹುದ್ದೆ ಮಂಜೂರಾಗುವವರೆಗೆ ಕಾಯದೆ ಈ ತಿಂಗಳೇ ಮಾಡಬಹುದಾದದ್ದೂ ಇದೆ. ಈ ದೂರುಗಳು ಆವಕ ವಿಭಾಗದ ಮೂಲಕ ಹಾಯಬಾರದು ಎಂದು ಒಂದು ಸುತ್ತೋಲೆ ಹೊರಡಿಸಿ. ಸಮಿತಿಗೆ ಬೀಗವಿರುವ ಒಂದು ಕಪಾಟು, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೊಠಡಿ ಕೊಡಿ; ಈಗ ಎಷ್ಟೋ ಕಡೆ ವಿಚಾರಣೆ ನಡೆಯುವುದು ಸಿಬ್ಬಂದಿ ಊಟ ಮಾಡುವ ಕೊಠಡಿಯಲ್ಲಿ. ಅಧ್ಯಕ್ಷೆಯ ಪಾಠದ ಹೊರೆಯನ್ನು ಅರ್ಧ ಇಳಿಸಿ. ನಿಮ್ಮ ಮುಂದಿನ ಸಿಂಡಿಕೇಟ್ ಸಭೆಯಲ್ಲಿ, ನಿಮ್ಮ ಮುಂದೆ ವರದಿ ಬಂದು ಮೂವತ್ತು ದಿನ ಮೀರಿದ ಪ್ರಕರಣಗಳು ಎಷ್ಟಿವೆ ಎಂಬುದನ್ನು ಕಾರ್ಯಸೂಚಿಯ ಮೊದಲ ವಿಷಯವಾಗಿಸಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸಿ. ನಡಾವಳಿಯ ಆ ಪುಟದ ಪ್ರತಿ ಕೋರಿ ಮಾಹಿತಿ ಹಕ್ಕಿನಡಿ ನಾನು ಅರ್ಜಿ ಹಾಕಲಿದ್ದೇನೆ, ಮೊದಲೇ ತಿಳಿಸಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಧ್ಯಾಪಕಿ